ಹಾಲುಬೆಳಕಿನ ಲೆನ್ಸು

ಎಲ್ಲಕ್ಕೂ ಕಾರಣ ಒಂದು ಎಳೆ. ನೂಲಿಗಿಂತ ತೆಳ್ಳಗಿನ, ಬೆಳ್ಳಗಿನ, ಉಗುರಿನ ಅರ್ಧದಷ್ಟೂ ಉದ್ದವಿಲ್ಲದ ಒಂದು ಎಳೆ. ಬೇರೆ ಯಾರ ಕಣ್ಣಿಗೆ ಬಿದ್ದಿದ್ದರೂ ಉಫ್ ಎಂದು ಊದಿ ಮುಂದಿನ ಕೆಲಸ ನೋಡುತ್ತಿದ್ದರು. ಆದರೆ ಅದು ಬಿದ್ದದ್ದು ಲೆನ್ಸಪ್ಪನ ಕಣ್ಣಿಗೆ, ಅದೂ ಮಾವನ ಲೆನ್ಸಿನ ಒಳಗೆ, ಅದೂ ಮಾವ ಬರುವ ದಿನದ ಬೆಳಿಗ್ಗೆ.

ಲೆನ್ಸಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಅವನು ನೀರಿನ ಮೀಟರುಗಳ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ. ಮೀಟರು ಓಡುತ್ತಿಲ್ಲ ಎಂದು ಯಾರಾದರೂ ಬಂದರೆ, ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಮಾತನ್ನು ಹೇಗೋ ಲೆನ್ಸಿನ ಕಡೆಗೆ ತಿರುಗಿಸುತ್ತಿದ್ದ. ಬಂದವರು ಹೋಗುವಾಗ ದೂರದ ಹಕ್ಕಿಗೆ ಯಾವ ಲೆನ್ಸು, ಹತ್ತಿರದ ಹೂವಿಗೆ ಯಾವ ಲೆನ್ಸು ಎಂದು ತಿಳಿದುಕೊಂಡು ಹೋಗುತ್ತಿದ್ದರು. ಮೀಟರು ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ಸಹೋದ್ಯೋಗಿಗಳು ಬೇಸತ್ತು ಆ ಹೆಸರಿಟ್ಟರು. ಈಗ ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಲೆನ್ಸುಗಳನ್ನು ಸಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೌದು, ಸಾಕುವುದು ಎಂದೇ ಹೇಳಬೇಕು. ಗಾಳಿಯಾಡದ ಒಂದು ದೊಡ್ಡ ಡಬ್ಬಿ, ಅದರೊಳಗೆ ಅವನ ಮೂರು ಲೆನ್ಸು, ಅವುಗಳ ನಡುವೆ ತೇವ ಹೀರುವ ನೀಲಿ ಮಣಿಗಳ ಪೊಟ್ಟಣ. ಮಣಿ ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತಿದ್ದ. ಮಳೆ ಬಂದರೆ ಜನ ಕಿಟಕಿ ಮುಚ್ಚಲು ಓಡುತ್ತಾರೆ, ಇವನು ಡಬ್ಬಿಯ ಹತ್ತಿರ ಓಡುತ್ತಿದ್ದ. ಹೆಂಡತಿಗೆ ನೆಗಡಿಯಾದರೆ ಮೊದಲು ವಿಚಾರಿಸುತ್ತಿದ್ದದ್ದು ಅವಳು ಡಬ್ಬಿಯಿಂದ ಎಷ್ಟು ದೂರ ನಿಂತಿದ್ದಾಳೆ ಎಂಬುದನ್ನು.

ಆದರೆ ಮಾವನ ಲೆನ್ಸಿನ ಮುಂದೆ ಈ ಮೂರೂ ಏನೇನೂ ಅಲ್ಲ. ಮಾವ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು, ಒಂದೇ ಲೆನ್ಸಿನ ಮನುಷ್ಯ. ನಲವತ್ತು ವರ್ಷ ಅದೊಂದರಲ್ಲೇ ಮನೆಮಂದಿಯ ಮುಖವನ್ನೆಲ್ಲ ತೆಗೆದವರು. ಪೂರ್ತಿ ಲೋಹದ್ದು, ಅಂಗೈಯಲ್ಲಿಟ್ಟರೆ ತಕ್ಕಡಿಯ ಬಟ್ಟಿನ ಹಾಗೆ ಭಾರವಾಗಿ ಕೂರುತ್ತಿತ್ತು. ಮಖಮಲ್ಲಿನಲ್ಲಿ ಸುತ್ತಿ, ತೊಗಲಿನ ಚೀಲಕ್ಕೆ ಹಾಕಿ, ಪೆಟ್ಟಿಗೆಯ ತಳದಲ್ಲಿಡುತ್ತಿದ್ದರು. ಇನ್ನೊಬ್ಬರ ಕೈ ಸೋಕಲು ಬಿಟ್ಟವರಲ್ಲ. ಅಂಥವರು ಎರಡು ತಿಂಗಳ ಹಿಂದೆ ಇಬ್ಬರು ಅಳಿಯಂದಿರನ್ನೂ ಕೂರಿಸಿಕೊಂಡು, ವಯಸ್ಸಾಯಿತು, ಇನ್ನು ಕ್ಯಾಮೆರಾ ಸಾಕು ಎಂದುಬಿಟ್ಟರು. ಲೆನ್ಸು ಒಬ್ಬೊಬ್ಬರ ಹತ್ತಿರ ಒಂದೊಂದು ತಿಂಗಳು ಇರಲಿ, ಯಾರು ಜೋಪಾನವಾಗಿ ನೋಡಿಕೊಳ್ಳುತ್ತಾರೋ ಅದು ಅವರಿಗೆ ಎಂದು ತೀರ್ಪಿನ ಕ್ರಮವನ್ನೂ ತಿಳಿಸಿದರು. ಮೊದಲ ತಿಂಗಳು ಹಿರಿಯ ಅಳಿಯನದು, ಅಂದರೆ ಲೆನ್ಸಪ್ಪನ ಷಡ್ಡಕನದು. ಎರಡನೆಯದು ಇವನದು. ಆ ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಮಾವ ಬಂದು, ನೋಡಿ, ಹೇಳುವವರಿದ್ದರು.

ಆ ಲೆನ್ಸಿನಲ್ಲಿ ತೆಗೆದ ಚಿತ್ರಗಳಿಗೆ ಒಂದು ವಿಶೇಷವಿತ್ತು. ಮುಖದ ಸುತ್ತ ತೆಳುವಾಗಿ ಹಾಲು ಚೆಲ್ಲಿದ ಹಾಗೆ ಬೆಳಕು ಹರಡಿಕೊಳ್ಳುತ್ತಿತ್ತು. ಷಡ್ಡಕ ತನ್ನ ಸರದಿಯ ಮೊದಲ ವಾರವೇ ಫೋನ್ ಮಾಡಿ, ಇಂಥ ಮೃದುತ್ವ ಈಗಿನ ಗಾಜಿನಲ್ಲಿ ಎಲ್ಲಿದೆ ಎಂದು ಇವನ ಹೊಟ್ಟೆ ಉರಿಸಿದ್ದ. ಲೆನ್ಸಪ್ಪ ತನ್ನ ಸರದಿ ಬಂದಾಗ ಅದಕ್ಕೆ ಹಾಲುಬೆಳಕು ಎಂದು ಹೆಸರಿಟ್ಟ. ಅದು ಗೊತ್ತಾಗಬೇಕಾದರೆ ಕಣ್ಣಿಗೆ ಸಂಸ್ಕಾರ ಬೇಕು ಎಂದು ಕಚೇರಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದ. ಹೆಂಡತಿ ಮಾತ್ರ ತನ್ನ ಚಿತ್ರ ನೋಡಿ, ಒಲೆಯ ಹೊಗೆಯಲ್ಲಿ ನಿಂತ ಹಾಗಿದೆ ಎಂದಿದ್ದಳು. ಅವಳಿಗೆ ಸಂಸ್ಕಾರ ಸಾಲದೆಂದು ಅವನು ಸುಮ್ಮನಾಗಿದ್ದ.

ಮಾವ ಕೊಟ್ಟ ವಸ್ತುವನ್ನು ಟಾರ್ಚು ಹಾಕಿ ಪರೀಕ್ಷಿಸುವುದು ಮರ್ಯಾದೆಯಲ್ಲವೆಂದು ಲೆನ್ಸಪ್ಪ ತಿಂಗಳಿಡೀ ಆ ಕೆಲಸ ಮಾಡಿರಲಿಲ್ಲ. ಈವತ್ತು ಬೆಳಿಗ್ಗೆ ಒಪ್ಪಿಸುವ ಮುಂಚೆ ಧೂಳಿನ ಕಣವೂ ಇರಬಾರದೆಂದು ಹಿಂದಿನಿಂದ ಬೆಳಕು ಬಿಟ್ಟು ನೋಡಿದ. ಆಗ ಕಂಡಿತು ಆ ಎಳೆ. ಊದಿದ, ಹೋಗಲಿಲ್ಲ. ಒರೆಸಿದ, ಹೋಗಲಿಲ್ಲ. ಕಣ್ಣು ಹತ್ತಿರ ತಂದು ನೋಡಿದರೆ ಎಳೆಗೊಂದು ಕವಲು, ಕವಲಿಗೊಂದು ಕವಲು, ಸುತ್ತ ಗಾಜಿನ ಮೇಲೆಲ್ಲ ತೆಳ್ಳನೆಯ ಪೊರೆ. ಬೂಷ್ಟು. ಲೆನ್ಸು ಸಾಕುವವರು ಕನಸಿನಲ್ಲೂ ನೆನೆಯಲು ಹೆದರುವ ಬೂಷ್ಟು.

ಅವನಿಗೆ ತಕ್ಷಣ ತನ್ನ ತಪ್ಪು ನೆನಪಾಯಿತು. ಮೂರನೆಯ ವಾರ ಬೆಳಗಿನ ಮಂಜಿನಲ್ಲಿ ಕೆರೆಯ ದಂಡೆಗೆ ಹೋಗಿದ್ದ. ವಾಪಸು ಬಂದವನು ಹಸಿವಿನಲ್ಲಿ ಲೆನ್ಸನ್ನು ಡಬ್ಬಿಗೆ ಸೇರಿಸದೆ ಅರ್ಧ ಗಂಟೆ ಹಾಗೇ ಮೇಜಿನ ಮೇಲಿಟ್ಟು ತಿಂಡಿ ತಿಂದಿದ್ದ. ನಲವತ್ತು ವರ್ಷ ಮಾವನ ಹತ್ತಿರ ಮುತ್ತಿನಂತಿದ್ದದ್ದು ತನ್ನ ಒಂದು ತಟ್ಟೆ ತಿಂಡಿಗೆ ಬಲಿಯಾಯಿತು ಎಂದು ಹಣೆ ಹಣೆ ಚಚ್ಚಿಕೊಂಡ.

"ರೀ, ಅಪ್ಪನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ," ಎಂದಳು ಹೆಂಡತಿ.

"ಹೇಳಿದ್ರೆ ಲೆನ್ಸು ನಿಮ್ಮಕ್ಕನ ಮನೆಗೆ ಹೋಗುತ್ತೆ."

"ಹೋಗ್ಲಿ ಬಿಡಿ. ಆಗಲಾದ್ರೂ ನಾನು ಈ ಮನೇಲಿ ಧೈರ್ಯವಾಗಿ ಸೀನ್ತೀನಿ."

ಇಂಥವಳ ಹತ್ತಿರ ಕಷ್ಟ ಹೇಳಿಕೊಂಡು ಪ್ರಯೋಜನವಿಲ್ಲವೆಂದು ಲೆನ್ಸಪ್ಪ ಮಹಡಿ ಹತ್ತಿದ. ಬೂಷ್ಟು ಬಿಸಿಲಿಗೆ ಸಾಯುತ್ತದೆ ಎಂದು ಎಲ್ಲೋ ಓದಿದ್ದ. ತಾರಸಿಯ ಮೇಲೆ ಎಳೆಬಿಸಿಲು ಚೆನ್ನಾಗಿಯೇ ಬಿದ್ದಿತ್ತು. ಮೇಲಿನ ಮನೆಯ ಕೆಮಿಸ್ಟ್ರಿ ಮೇಡಂ, ಅಂದರೆ ಶಾಲೆಯಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ಈಗ ಇಡೀ ಕಟ್ಟಡಕ್ಕೆ ಕಲಿಸುತ್ತಿದ್ದವರು, ತಮ್ಮ ಕಪ್ಪು ಕೊಡೆಯನ್ನು ತೊಳೆದು ಬಿಡಿಸಿಟ್ಟಿದ್ದರು. ಲೆನ್ಸಪ್ಪ ಹಿಂದೆ ಮುಂದೆ ಎರಡೂ ಮುಚ್ಚಳ ತೆಗೆದು, ಲೆನ್ಸಿನ ಬಾಯನ್ನು ಸೂರ್ಯನ ಕಡೆ ತಿರುಗಿಸಿ, ಉರುಳದಿರಲೆಂದು ಕೊಡೆಯ ಕಡ್ಡಿಗೆ ಒರಗಿಸಿದ. ಕೈಕಟ್ಟಿ ನಿಂತು ಬೂಷ್ಟು ಸಾಯುವುದನ್ನೇ ಕಾದ.

ಮೊದಲು ಬಂದದ್ದು ವಾಸನೆ. ಆಮೇಲೆ ಸಣ್ಣಗೆ ಹೊಗೆ. ಅವನು ಹೌಹಾರಿ ಲೆನ್ಸನ್ನು ಎತ್ತಿಕೊಳ್ಳುವಷ್ಟರಲ್ಲಿ ಕೊಡೆಯ ಬಟ್ಟೆಯಲ್ಲಿ ಬಟಾಣಿ ಗಾತ್ರದ, ದುಂಡನೆಯ, ಬಲು ಅಚ್ಚುಕಟ್ಟಾದ ಒಂದು ತೂತು ಬಿದ್ದಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಮೇಡಂ.

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತವನಿಗೆ ಆಶ್ಚರ್ಯ ಕಾದಿತ್ತು. ಮೇಡಂ ಕೊಡೆಯನ್ನೆತ್ತಿ ತೂತಿನಿಂದ ಆಕಾಶ ನೋಡಿ, ಇಷ್ಟು ವರ್ಷ ಫಿಸಿಕ್ಸಿನವರು ಹೇಳುತ್ತಿದ್ದದ್ದು ನಿಜ ಎಂದರು. ಸಮಾಚಾರವೆಲ್ಲ ಕೇಳಿಕೊಂಡ ಮೇಲೆ ಅವರ ಮುಖ ಅರಳಿತು. ಬೂಷ್ಟು ಅಂದರೆ ತಮ್ಮ ಖಾತೆಗೆ ಸೇರಿದ್ದು, ಎರಡು ಬಾಟಲಿ ದ್ರಾವಣ ಬೆರೆಸಿದರೆ ಐದು ನಿಮಿಷದಲ್ಲಿ ಮಾಯ, ಆದರೆ ಒಳಗಿನ ಗಾಜು ಹೊರಗೆ ಬರಬೇಕು ಎನ್ನುತ್ತ ಅವನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದರು. ಅಲ್ಲಿ ತರಕಾರಿ ಹೆಚ್ಚುವ ಚಾಕುವಿನ ತುದಿಯನ್ನು ಲೆನ್ಸಿನ ಮುಂದಿನ ಬಳೆಗೆ ಹಾಕಿ ಮೀಟಲು ಹೊರಟಾಗ ಲೆನ್ಸಪ್ಪನ ಜೀವ ಬಾಯಿಗೆ ಬಂತು. ಕಚೇರಿಗೆ ಹೊತ್ತಾಯಿತು ಎಂದು ಲೆನ್ಸನ್ನು ಕಿತ್ತುಕೊಂಡು ಕಾಲಿಗೆ ಬುದ್ಧಿ ಹೇಳಿದ. ಸಂಜೆ ಬಾ, ದ್ರಾವಣ ಮಾಡಿಟ್ಟಿರ್ತೀನಿ ಎಂಬ ಮಾತು ಮೆಟ್ಟಿಲುದ್ದಕ್ಕೂ ಅವನನ್ನು ಅಟ್ಟಿಸಿಕೊಂಡು ಬಂತು.

ಬಸ್ಸಿನಲ್ಲಿ ಲೆನ್ಸನ್ನು ಮಡಿಲಲ್ಲಿಟ್ಟುಕೊಂಡು ಕೂತವನಿಗೆ ಮೇಡಂ ಹೇಳಿದ್ದರಲ್ಲಿ ಒಂದು ಮಾತು ಸರಿಯೆನಿಸಿತು. ಬೂಷ್ಟು ಒಳಗಿದೆ, ಒಳಗಿನ ಗಾಜು ಹೊರಗೆ ಬರಬೇಕು. ಲೆನ್ಸು ಬಿಚ್ಚುವವರ ಹತ್ತಿರ ಕೊಟ್ಟರೆ ವಾರಗಟ್ಟಲೆ ಕಾಯಿಸುತ್ತಾರೆ. ಇವನಿಗೆ ಇದ್ದದ್ದು ಸಂಜೆ ಐದರವರೆಗೆ.

ಆಗ ಹೊಳೆದದ್ದು ಕಚೇರಿಯ ಮೀಟರು ಮೇಸ್ತ್ರಿ. ದಿನಕ್ಕೆ ಇಪ್ಪತ್ತು ಮೀಟರು ಬಿಚ್ಚುವ ಮನುಷ್ಯ. ನೀರಿನ ಮೀಟರಿಗೂ ಮೇಲೊಂದು ಗಾಜಿರುತ್ತದೆ, ಅದರೊಳಗೂ ಆವಿ ಹಿಡಿದು ಅಂಕಿ ಕಾಣದಾಗುತ್ತದೆ. ಅಂಥವನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸುವುದೇ ಅವರ ಕೆಲಸ. ಎರಡು ಮೊನೆಯ ಅವರ ಸ್ಪಾನರು ಬಳೆಯ ಗುಳಿಗಳಲ್ಲಿ ಕೂತು ತಿರುಗುವುದನ್ನು ಲೆನ್ಸಪ್ಪ ನೂರು ಸಲ ನೋಡಿದ್ದ. ಮಾವನ ಲೆನ್ಸಿನ ಬಳೆಗೂ ಅಂಥವೇ ಎರಡು ಗುಳಿಗಳಿದ್ದವು.

ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದ ಮೇಲೆ ಮೇಸ್ತ್ರಿ ಲೆನ್ಸನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು, ತೂಗಿ ನೋಡಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಇದೂ ಮೀಟರೇ ಲೆನ್ಸಪ್ಪನವರೇ. ನೀರು ಹೋಗೋ ಕಡೆ ಬೆಳಕು ಹೋಗುತ್ತೆ, ಅಷ್ಟೆ."

ಮೇಸ್ತ್ರಿಯ ಕೈ ಹೂವಿನ ಹಾಗೆ. ಹಳೆಯ ಪೇಪರು ಹಾಸಿ ಒಂದೊಂದೇ ಬಳೆ ಬಿಚ್ಚಿ, ಒಂದೊಂದೇ ಗಾಜನ್ನು ತೆಗೆದು ಸಾಲಾಗಿ ಇಡುತ್ತ ಹೋದರು. ಐದು ಗಾಜು, ನಾಲ್ಕು ಬಳೆ, ಮೂರು ಸಣ್ಣ ತಿರುಪು. ಮೂರನೆಯ ಗಾಜಿನ ಮೇಲೆ ಆ ಎಳೆ ಬಳ್ಳಿಯಂತೆ ಹಬ್ಬಿಕೊಂಡಿತ್ತು. ಲೆನ್ಸಪ್ಪ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

ಸಾಹೇಬರು. ಹೊಸದಾಗಿ ಬಂದವರು, ಕಟ್ಟುನಿಟ್ಟಿನವರು. ಕಚೇರಿಯ ಹೊತ್ತಿನಲ್ಲಿ ಸ್ವಂತ ಕೆಲಸ ಮಾಡುವವರನ್ನು ಕಂಡರೆ ಆ ಕ್ಷಣವೇ ಬೇರೆ ಊರಿಗೆ ಎತ್ತಿ ಹಾಕುವವರೆಂದು ಹೆಸರಾದವರು. ಇದೇನು ಎಂದು ಕೇಳಿದರು. ಮೇಸ್ತ್ರಿ ಲೆನ್ಸಪ್ಪನ ಮುಖ ನೋಡಿದರು. ಲೆನ್ಸಪ್ಪನ ನಾಲಿಗೆ ಅವನನ್ನು ಕೇಳದೆಯೇ ಹೊರಳಿತು.

"ಮೀಟರು ಸಾರ್."

ಸಾಹೇಬರು ಲೆನ್ಸಿನ ಹೊರಗಿನ ಚಿಪ್ಪನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಅದರ ಮೇಲೆ ಲೆನ್ಸಿನ ಅಳತೆ ಎಂಬತ್ತೈದು ಎಂದು ಕೆತ್ತಿತ್ತು. ಇಷ್ಟು ಹಳೆಯ ಮೀಟರು ಬರೀ ಎಂಬತ್ತೈದು ಓಡಿದೆಯೇ ಎಂದು ಹುಬ್ಬು ಗಂಟಿಕ್ಕಿದರು.

"ಆ ಮನೇಲಿ ಬಹಳ ವರ್ಷ ಯಾರೂ ಇರಲಿಲ್ಲ ಸಾರ್."

"ಇಲ್ಲೊಂದು ಎಂಟು ಅಡ್ಡ ಮಲಗಿದೆಯಲ್ಲ?" ಸಾಹೇಬರ ಬೆರಳು ಕೊನೆಯಿಲ್ಲದ ದೂರಕ್ಕೆಂದು ಕೆತ್ತಿದ ಗುರುತಿನ ಮೇಲಿತ್ತು.

"ಅದಕ್ಕೇ ಸಾರ್ ರಿಪೇರಿಗೆ ಬಂದಿರೋದು."

ಸಾಹೇಬರಿಗೆ ಸಮಾಧಾನವಾಯಿತು. ಆದರೆ ಸಮಾಧಾನವಾದ ಸಾಹೇಬರು ಸಿಟ್ಟಿನ ಸಾಹೇಬರಿಗಿಂತ ಅಪಾಯ. ಬಿಚ್ಚಿದ ಮೀಟರನ್ನು ಮೇಜಿನ ಮೇಲೆ ಹೀಗೆ ಹರಡಿಕೊಂಡು ಕೂರಬಾರದು, ಬಿಚ್ಚಿದ ಕೂಡಲೇ ತೊಟ್ಟಿಗೆ ಹೋಗಬೇಕು ಎಂದು ಅಪ್ಪಣೆ ಮಾಡಿದರು. ಅಪ್ಪಣೆ ಮಾಡಿ ಸುಮ್ಮನಿರದೆ, ತಾವೇ ಐದೂ ಗಾಜನ್ನು, ಬಳೆಗಳನ್ನು ಪಕ್ಕದ ಟ್ರೇಗೆ ಸುರಿದು, ಅದರಲ್ಲಿ ಆಗಲೇ ಇದ್ದ ಹತ್ತಿಪ್ಪತ್ತು ಮೀಟರು ಗಾಜುಗಳ ಜೊತೆ ಬೆರೆಸಿ, ಹಿತ್ತಲಿಗೆ ಕಳಿಸಿದರು. ಗಾಜು ಗಾಜಿಗೆ ತಾಗಿದ ಸದ್ದು ಲೆನ್ಸಪ್ಪನ ಹಲ್ಲಿನ ಬುಡಕ್ಕೆ ಇಳಿಯಿತು. ಹಿಂದೆಯೇ ಓಡೋಣವೆಂದರೆ ಸಾಹೇಬರು ಬಿಡಲಿಲ್ಲ. ಖಾಲಿ ಮನೆಯ ಮೀಟರುಗಳದ್ದೇ ಒಂದು ಪಟ್ಟಿ ಯಾಕೆ ಮಾಡಬಾರದು ಎಂದು ಇಪ್ಪತ್ತು ನಿಮಿಷ ವಿವರಿಸಿದರು. ಲೆನ್ಸಪ್ಪ ಇಪ್ಪತ್ತು ನಿಮಿಷ ಹೂಂಗುಟ್ಟಿದ.

ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ, ತೊಟ್ಟಿಯಲ್ಲಿ ಘಾಟು ಹೊಡೆಯುವ ಸೋಪಿನ ನೀರು, ಅದರ ಮುಂದೆ ಮಣೆ ಹಾಕಿಕೊಂಡು ಕೂತ ತೊಟ್ಟಿಯಕ್ಕ. ಮೀಟರಿನ ಗಾಜು ತೊಳೆಯುವುದರಲ್ಲಿ ಅವಳದು ಎತ್ತಿದ ಕೈ. ಲೆನ್ಸಪ್ಪ ಏದುಸಿರು ಬಿಡುತ್ತ ಓಡಿ ಬರುವ ಹೊತ್ತಿಗೆ ಎಲ್ಲ ಗಾಜುಗಳೂ ಮುಳುಗಿ, ಎದ್ದು, ಮೆತ್ತನೆಯ ಬಟ್ಟೆಯ ಮೇಲೆ ಒಣಗುತ್ತಿದ್ದವು. ಅವನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದ.

ಹಿಂದೆ ಬಂದ ಮೇಸ್ತ್ರಿ ಮಾತ್ರ ಗಾಬರಿಯಾಗಲಿಲ್ಲ. ಚಪ್ಪಟೆ ಇರೋದು ನಮ್ಮದು, ಹೊಟ್ಟೆ ಬಂದಿರೋದು ನಿಮ್ಮದು ಎನ್ನುತ್ತ ಆರಿಸತೊಡಗಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯದಿಲ್ಲ. ತೊಟ್ಟಿಗೆ ಕೈ ಹಾಕಿ ತಡಕಿದರು, ಇಲ್ಲ. ಬಟ್ಟೆ ಕೊಡವಿದರು, ಇಲ್ಲ. ಲೆನ್ಸಪ್ಪ ತೋಳು ಮಡಿಸಿ ತೊಟ್ಟಿಯ ಬಾಯಿಗೆ ತಲೆ ಹಾಕಿದಾಗ ಅಕ್ಕ ನಿಧಾನವಾಗಿ ತಲೆಯೆತ್ತಿದಳು. ಅವಳು ಐದನೆಯ ಗಾಜನ್ನು ಕಣ್ಣಿಗಿಟ್ಟುಕೊಂಡು ತನ್ನ ಬೆರಳಿಗೆ ಹೊಕ್ಕ ಸಿಬಿರನ್ನು ಹುಡುಕುತ್ತಿದ್ದಳು.

"ಬಲು ದೊಡ್ಡದಾಗಿ ತೋರಿಸುತ್ತಣ್ಣ ಇದು. ಯಾರ ಮನೆ ಮೀಟರು?"

ಸಿಬಿರು ಸಿಕ್ಕಿ ಹೊರಗೆ ಬರುವವರೆಗೆ ಅವಳು ಗಾಜು ಕೊಡಲಿಲ್ಲ. ಕೊನೆಗೆ ಕೈಗೆ ಬಂದದ್ದನ್ನು ಲೆನ್ಸಪ್ಪ ಅಂಜುತ್ತಂಜುತ್ತ ಬೆಳಕಿಗೆ ಹಿಡಿದ. ಮೂರನೆಯ ಗಾಜು ಅದೇ. ಎಳೆಯಿಲ್ಲ, ಕವಲಿಲ್ಲ, ಪೊರೆಯಿಲ್ಲ. ಗಾಜಿದೆಯೋ ಇಲ್ಲವೋ ಎಂಬಷ್ಟು ನಿರ್ಮಲ. ಅವನಿಗೆ ಅಕ್ಕನ ಕಾಲಿಗೆ ಬೀಳಬೇಕೆನಿಸಿತು. ಹೊಟ್ಟೆಗೆ ಹಾಲು ಹೊಯ್ದಂತಾಗಿ ನಿಜವಾಗಿಯೂ ಕಣ್ಣು ತುಂಬಿತು.

ಕೂಡಿಸುವುದು ಬಿಚ್ಚಿದಷ್ಟು ಸಲೀಸಾಗಲಿಲ್ಲ. ಮೊದಲ ಸಲ ಕೂಡಿಸಿ, ಕೈಚೀಲದಲ್ಲಿ ತಂದಿದ್ದ ತನ್ನ ಕ್ಯಾಮೆರಾಕ್ಕೆ ಲೆನ್ಸಪ್ಪ ಹಾಕಿದರೆ ಎದುರಿನ ಕಪಾಟು ಕಪಾಟಿನ ಹಾಗಿರಲಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸಿ, ಬಿಚ್ಚಿದ ಕ್ರಮವನ್ನು ಹಿಂದಿನಿಂದ ಮುಂದಕ್ಕೆ ನೆನಪಿಸಿಕೊಂಡು, ಎರಡನೆಯ ಗಾಜನ್ನು ಮಗುಚಿ ಹಾಕಿದರು. ನಾಲ್ಕು ಗಂಟೆಗೆ ಕೊನೆಯ ತಿರುಪು ಕೂತಿತು. ಲೆನ್ಸಪ್ಪ ಮೇಸ್ತ್ರಿಯನ್ನೇ ನಿಲ್ಲಿಸಿ ಒಂದು ಚಿತ್ರ ತೆಗೆದು ನೋಡಿದ. ಮೀಸೆಯ ಕೂದಲು ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು. ಆದರೆ ಮುಖದ ಸುತ್ತ ಎಲ್ಲಿ ಹುಡುಕಿದರೂ ಹಾಲುಬೆಳಕಿನ ಸುಳಿವಿಲ್ಲ.

ಬಸ್ಸಿನಲ್ಲಿ ಇದೇ ಅವನ ತಲೆ ತಿಂದಿತು. ಬೂಷ್ಟು ತೊಳೆದು ಹೋಯಿತು ಸರಿ, ಜೊತೆಗೆ ಲೆನ್ಸಿನ ಆತ್ಮವೂ ತೊಳೆದು ಹೋಯಿತೇ? ಮಾವ ಕಣ್ಣಿಟ್ಟ ಕೂಡಲೇ ನನ್ನ ಹಾಲುಬೆಳಕೆಲ್ಲಿ ಎಂದರೆ ಏನು ಹೇಳುವುದು? ಏನೂ ಹೇಳದೆ ಚೀಲಕ್ಕೆ ಹಾಕಿ ಒಪ್ಪಿಸಿಬಿಡುವುದು, ಬಾಯಿಗೆ ಬೀಗ ಹಾಕಿಕೊಳ್ಳುವುದು ಎಂದು ಮನೆ ತಲುಪುವಷ್ಟರಲ್ಲಿ ಗಟ್ಟಿ ಮಾಡಿಕೊಂಡ.

ಆ ಬೀಗ ಬಾಗಿಲಲ್ಲೇ ಮುರಿಯಿತು. ಐದಕ್ಕೆ ಐದು ನಿಮಿಷವಿರುವಾಗ ಮಾವ ಕೊರಳಲ್ಲಿ ಕ್ಯಾಮೆರಾ ತೂಗುಹಾಕಿಕೊಂಡು ಒಳಗೆ ಬಂದರು. ಅವರ ಹಿಂದೆಯೇ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ದ್ರಾವಣದ ಬಾ‌ಟಲಿ ಹಿಡಿದು ಕೆಮಿಸ್ಟ್ರಿ ಮೇಡಂ. ಮೆಟ್ಟಿಲ ಮೇಲೆ ಸಿಕ್ಕ ಇಬ್ಬರೂ ಆಗಲೇ ಪರಿಚಯ ಮಾಡಿಕೊಂಡಿದ್ದರು. ಬೂಷ್ಟಿನ ಸಮಾಚಾರವನ್ನು ಮೇಡಂ ಸಾದ್ಯಂತ ಹೇಳಿ, ಸಾಕ್ಷಿಗೆ ಕೊಡೆಯ ತೂತನ್ನೂ ತೋರಿಸಿದ್ದರು.

ಮಾವ ಕುರ್ಚಿಯಲ್ಲಿ ಕೂತರು. ಹೆಂಡತಿ ಗಂಡನನ್ನು ನೋಡಿದ ನೋಟದಲ್ಲಿ, ಈಗಲಾದರೂ ಹೇಳಿ ಎಂಬುದು ಸ್ಪಷ್ಟವಾಗಿತ್ತು. ಲೆನ್ಸಪ್ಪ ಹೇಳಿದ. ಕೆರೆ, ತಿಂಡಿಯ ತಟ್ಟೆ, ತಾರಸಿ, ಮೇಸ್ತ್ರಿ, ಸಾಹೇಬರು, ತೊಟ್ಟಿ, ಸಿಬಿರು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಲೆನ್ಸನ್ನು ಎರಡೂ ಕೈಯಲ್ಲಿ ಮಾವನ ಮುಂದೆ ಹಿಡಿದ. ತಪ್ಪಾಯಿತು ಎಂದ. ತನಗೆ ಸಿಗದಿದ್ದರೂ ಪರವಾಗಿಲ್ಲ, ಮಾವ ಬೇಜಾರು ಮಾಡಿಕೊಳ್ಳಬಾರದು ಎಂದು ಅವನಿಗೆ ಆಗ ನಿಜವಾಗಿಯೂ ಅನಿಸಿತು.

ಮಾವ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಕಣ್ಣಿಗಿಟ್ಟುಕೊಂಡರು. ಗೋಡೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎದ್ದು ಕಿಟಕಿಗೆ ಹೋಗಿ ಎದುರುಮನೆ ನೋಡಿದರು. ಅಲ್ಲಿಂದ ತಿರುಗಿ ಮಗಳ ಮುಖದ ಮೇಲೆ ತುಂಬ ಹೊತ್ತು ಹಿಡಿದರು. ಆಮೇಲೆ ಕ್ಯಾಮೆರಾ ಇಳಿಸಿದರು.

"ನನ್ನ ಕಣ್ಣು ಚೆನ್ನಾಗಿದೆ," ಎಂದರು ಮಾವ.

ಯಾರಿಗೂ ಅರ್ಥವಾಗಲಿಲ್ಲ. ಮಾವ ಮತ್ತೆ ಕೂತು ಬಿಡಿಸಿ ಹೇಳಿದರು. ಎರಡು ವರ್ಷದಿಂದ ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಬರೀ ಮಂಜು. ಪೇಪರು ಓದಬಹುದು, ದಾರಿ ಕಾಣುತ್ತದೆ, ಕ್ಯಾಮೆರಾ ಹಿಡಿದರೆ ಮಾತ್ರ ಮಂಜು. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಕಣ್ಣಿಗೇನಾಗಿಲ್ಲ ಎಂದರಂತೆ. ಆ ಡಾಕ್ಟರಿಗೇ ಕಣ್ಣಿಲ್ಲವೆಂದು ಇವರು ಮೂರನೆಯ ಸಲ ಹೋಗಲಿಲ್ಲವಂತೆ.

"ಚಿತ್ರ ತೆಗೆಯೋ ಕಣ್ಣು ಹೋಯ್ತು, ಇನ್ನು ಲೆನ್ಸು ಇಟ್ಕೊಂಡು ಏನು ಮಾಡ್ಲಿ ಅಂತ ನಿಮಗೆ ಕೊಡೋಕೆ ಹೊರಟೆ. ಯಾರ ಹತ್ರಾನೂ ಹೇಳ್ಕೊಳ್ಳಿಲ್ಲ. ಎಷ್ಟು ಸಂಕಟ ಆಗಿತ್ತು ಗೊತ್ತಾ? ಮಂಜು ಇದ್ದದ್ದು ಲೆನ್ಸಿನೊಳಗೆ ಅಳಿಯಂದಿರೇ, ನನ್ನ ಕಣ್ಣಲ್ಲಿ ಅಲ್ಲ."

ಲೆನ್ಸಪ್ಪನ ತಲೆಯಲ್ಲಿ ತಿರುಪೊಂದು ಸರಿಯಾಗಿ ಕೂತಿತು. ಷಡ್ಡಕನ ಮೃದುತ್ವ, ತನ್ನ ಹಾಲುಬೆಳಕು, ಹೆಂಡತಿಯ ಒಲೆಯ ಹೊಗೆ, ಎಲ್ಲ ಒಂದೇ. ತಿಂಗಳಿಡೀ ತಾನು ಊರಿಗೆಲ್ಲ ಹೊಗಳಿದ್ದು ಬೂಷ್ಟನ್ನು. ಅಂದರೆ ತಪ್ಪು ತನ್ನದಲ್ಲ, ತಿಂಡಿಯ ತಟ್ಟೆಯದೂ ಅಲ್ಲ. ಆ ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತು. ಮರು ಉಸಿರಿಗೆ ಅವನ ಕಿವಿ ನೆಟ್ಟಗಾಯಿತು.

"ಹಾಗಾದ್ರೆ ಮಾವ, ತೀರ್ಪು?"

"ಅದರಲ್ಲಿ ಎರಡು ಮಾತಿಲ್ಲ. ಗೆದ್ದದ್ದು ನೀವೇ. ದೊಡ್ಡ ಅಳಿಯಂದಿರಿಗೆ ಒಂದು ತಿಂಗಳಲ್ಲಿ ಕಾಣದೇ ಇದ್ದದ್ದು ನಿಮಗೆ ಕಾಣಿಸ್ತು. ಕೊಡೋ ಹಾಗಿದ್ರೆ ನಿಮಗೇ ಕೊಡ್ತಿದ್ದೆ." ಮಾವ ಲೆನ್ಸನ್ನು ಎದೆಗವಚಿಕೊಂಡರು. "ಆದ್ರೆ ಈಗ ಕೊಡೋದು ಯಾಕೆ? ಕಣ್ಣು ಸರಿಯಾಗೇ ಇದೆಯಲ್ಲ. ಇನ್ನೂ ಹತ್ತು ವರ್ಷ ತೆಗೀತೀನಿ."

ಮೇಡಂ ಚಪ್ಪಾಳೆ ತಟ್ಟಿದರು. ಹೆಂಡತಿ ಅಪ್ಪನ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡಳು. ಲೆನ್ಸಪ್ಪನೂ ನಕ್ಕ. ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು, ಆದರೆ ದೂರು ಹೇಳಲು ಬಂದವರಿಗೂ ಪಾಠ ಮಾಡುವ ಬಾಯಿ ಅದು. ಈ ಬೂಷ್ಟಿಗೆ ಮೂಲ ತೊಗಲಿನ ಚೀಲ, ತೊಗಲು ತೇವ ಹಿಡಿದಿಟ್ಟುಕೊಳ್ಳುತ್ತದೆ, ಲೆನ್ಸು ಇರಬೇಕಾದ್ದು ಗಾಳಿಯಾಡದ ಡಬ್ಬಿಯಲ್ಲಿ, ನೀಲಿ ಮಣಿಗಳ ನಡುವೆ ಎಂದು ಡಬ್ಬಿಯನ್ನೇ ತಂದು ತೋರಿಸಿ ವಿವರಿಸಿದ. ಮಾವ ಗಮನವಿಟ್ಟು ಕೇಳಿದರು. ಎಲ್ಲ ಕೇಳಿಯಾದ ಮೇಲೆ ಅವನ ಮೂರು ಲೆನ್ಸುಗಳನ್ನು ಜೋಪಾನವಾಗಿ ಹೊರತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಡಬ್ಬಿಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಬಾಣಲೆಯಲ್ಲಿ ಎಷ್ಟು ಹೊತ್ತು ಹುರಿಯಬೇಕು ಎಂದು ಕೇಳಿ ಬರೆದುಕೊಳ್ಳುವುದನ್ನೂ ಮರೆಯಲಿಲ್ಲ.

ಆಮೇಲೆ ಖುಷಿ ತಡೆಯಲಾರದೆ ದೊಡ್ಡ ಅಳಿಯನಿಗೆ ತಾವೇ ಫೋನ್ ಮಾಡಿ ವಿಷಯ ತಿಳಿಸಿ, ಮಾತಾಡಿ ಎಂದು ಫೋನನ್ನು ಲೆನ್ಸಪ್ಪನ ಕೈಗಿತ್ತರು.

"ಅಲ್ರೀ, ಬೂಷ್ಟು ಇದ್ದಿದ್ರೆ ನಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಸಿಗ್ತಿತ್ತು," ಎಂದ ಆ ಕಡೆಯಿಂದ ಷಡ್ಡಕ. "ಯಾರ್ರೀ ನಿಮಗೆ ತೊಳೆಯೋಕೆ ಹೇಳಿದ್ದು?"

ಅಷ್ಟರಲ್ಲಿ ಮಾವ ಕ್ಯಾಮೆರಾ ಎತ್ತಿದ್ದರು. ಎರಡು ವರ್ಷದ ಮೇಲೆ ತೆಗೆಯುವ ಮೊದಲ ಚಿತ್ರ ನಿಮ್ಮದೇ ಆಗಬೇಕು, ಕಿಟಕಿಯ ಹತ್ತಿರ ನಿಂತುಕೊಳ್ಳಿ ಎಂದರು. ಅವನು ಫೋನನ್ನು ಕಿವಿಗೆ ಹಿಡಿದುಕೊಂಡೇ ಹೋಗಿ ನಿಂತ. ಮಾವ ಬಳೆಯನ್ನು ಅತ್ತ ಇತ್ತ ತಿರುಗಿಸಿದರು, ಉಸಿರು ಹಿಡಿದರು.

"ಆಹಾ, ರೆಪ್ಪೆಕೂದಲು ಕೂಡ ಎಣಿಸಬಹುದು ಅಳಿಯಂದಿರೇ. ಕಣ್ಣಲ್ಲಿ ನೀರು ನಿಂತಿರೋದೂ ಕಾಣ್ತಿದೆ. ಯಾಕೆ?"

"ಬಿಸಿಲು ಮಾವ," ಎಂದ ಲೆನ್ಸಪ್ಪ.

ಹೊರಗೆ ಮೋಡ ಕವಿದಿತ್ತು. ಮಾವ ಚಿತ್ರ ತೆಗೆದರು.